ಮನೆಯಲ್ಲಿ ಗಪ್ಪಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಪ್ಪಿ ಅನ್ನೋ ಸಣ್ಣ ಬಣ್ಣದ ಮೀನು ಸಾಕುವವರು ಎದುರಿಗೆ ಸಿಕ್ಕಾಗ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳಿದ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಾನಿರುವುದು ವಿಜಯಪುರದಲ್ಲಿ, ಕೇಳಿದವರಲ್ಲಿ ಬಾಗಲಕೋಟೆ, ಬೆಳಗಾವಿಯವರೂ ಇದ್ದಾರೆ. ಹಾಗಾಗಿ ಇಲ್ಲಿನ ಬಿಸಿಲು, ಬೋರ್ ನೀರು, ಕೈಕೊಡುವ ಕರೆಂಟು ಎಲ್ಲ ಲೆಕ್ಕಕ್ಕಿಟ್ಟುಕೊಂಡೇ ಉತ್ತರ ಬರೆದಿದ್ದೇನೆ.

## ಈಗಷ್ಟೇ ಶುರು ಮಾಡುವವರಿಗೆ

"ಗಾಜಿನ ಬಟ್ಟಲದಾಗ ಎರಡ ಗಪ್ಪಿ ಇಟ್ರ ನಡೀತೈತೇನ್ರೀ?"

ನಡೆಯಲ್ಲ. ಮೀನು ಸಣ್ಣದು ನಿಜ, ಆದರೆ ಅದು ಮಾಡುವ ಹೊಲಸು ಸಣ್ಣದಲ್ಲ. ಎರಡು ಲೀಟರ್ ನೀರಿನಲ್ಲಿ ಒಂದು ದಿನ ಊಟ ಜಾಸ್ತಿ ಬಿದ್ದರೂ ಸಾಕು, ಮರುದಿನ ನೀರು ನಾರುತ್ತಿರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗಂತೂ ಮಧ್ಯಾಹ್ನದೊಳಗೆ ಬಿಸಿಯಾಗಿರುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ, ಹತ್ತು-ಹನ್ನೆರಡು ದೊಡ್ಡ ಗಪ್ಪಿ ಆರಾಮಾಗಿ ಇರುತ್ತವೆ. ತುಂಬಿದ ಮೇಲೆ ತೂಕ 50 ಕೆಜಿ ದಾಟುತ್ತದೆ, ಅದಕ್ಕೆ ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬೇಡ. ಅಡಿಗೆ ಥರ್ಮಾಕೋಲ್ ಹಾಸಿ, ನೇರ ಬಿಸಿಲು ಬೀಳದ ಕಡೆ ಇಡಿ. ಮೇಲೆ ಮುಚ್ಚಳ ಬೇಕೇ ಬೇಕು, ಗಪ್ಪಿ ಜಿಗಿಯುತ್ತದೆ.

"ಟ್ಯಾಂಕ್ ತಂದ ದಿನಾನ ಮೀನ ಬಿಡಬಹುದಾ? ಹುಡುಗ್ರು ತಡಿಯಂಗಿಲ್ಲ."

ಹುಡುಗರನ್ನು ತಡೆಯಲೇಬೇಕು. ಮೀನಿನ ಉಚ್ಚೆ, ಹೇಲು, ತಿನ್ನದೆ ಬಿಟ್ಟ ಊಟ ಎಲ್ಲ ಅಮೋನಿಯಾ ಆಗುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅಲ್ಲಿಗೆ ಅಪಾಯ ತುಂಬಾ ಕಡಿಮೆ. ಈ ಎರಡೂ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೇರೂರಲು 4ರಿಂದ 6 ವಾರ ಬೇಕು. ಖಾಲಿ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸುತ್ತಾ ದಿನಾ ಚಿಟಿಕೆ ಮೀನಿನ ಊಟ ಹಾಕುತ್ತಿರಿ. ಬೇಗ ಆಗಬೇಕಾದರೆ ಗೆಳೆಯರ ಹಳೇ ಟ್ಯಾಂಕಿನ ಸ್ಪಂಜು ತಂದು ನಿಮ್ಮ ಟ್ಯಾಂಕಿನಲ್ಲಿ ಹಿಂಡಿ. ನೋಡೋಕೆ ಅಸಹ್ಯ, ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಟಲಿಗಳಿಗಿಂತ ಅದನ್ನೇ ನಾನು ನಂಬುತ್ತೇನೆ. ಹೀಗೆ ಮಾಡಿದರೂ ಮೊದಲು ಮೂರು-ನಾಲ್ಕು ಮೀನು ಮಾತ್ರ ಬಿಡಿ.

"ಗಂಡ ಯಾವ್ದು, ಹೆಣ್ಣ ಯಾವ್ದು ಹೆಂಗ ಗೊತ್ತಾಗ್ತೈತಿ?"

ಗಂಡು ಸಣ್ಣದು, ಸಪೂರ, ಬಾಲ ದೊಡ್ಡದು, ಮೈತುಂಬ ಬಣ್ಣ. ಹೆಣ್ಣು ದಪ್ಪ, ಮಂಕು ಬಣ್ಣ, ಉದ್ದದಲ್ಲೂ ಗಂಡಿಗಿಂತ ದೊಡ್ಡದು. ಅನುಮಾನ ಇದ್ದರೆ ಹೊಟ್ಟೆಯ ಕೆಳಗಿನ ರೆಕ್ಕೆ ನೋಡಿ. ಹೆಣ್ಣಿಗೆ ಅದು ಬೀಸಣಿಗೆ ಹಾಗೆ ಬಿಚ್ಚಿರುತ್ತದೆ. ಗಂಡಿಗೆ ಕಡ್ಡಿ ಹಾಗೆ ಚೂಪಾಗಿ ಹಿಂದಕ್ಕೆ ಮಡಚಿರುತ್ತದೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇರಲಿ. ಗಂಡು ಜಾಸ್ತಿಯಾದರೆ ಹೆಣ್ಣಿಗೆ ಉಸಿರಾಡಲೂ ಬಿಡದೆ ದಿನವಿಡೀ ಬೆನ್ನತ್ತುತ್ತವೆ.

"ಅಂಗಡಿಯಿಂದ ತಂದ ಕವರ್ ಹಂಗ ಸುರುವಿಬಿಡೋದಾ?"

ಬೇಡ. ಕವರ್ ಬಿಚ್ಚದೆ 15–20 ನಿಮಿಷ ಟ್ಯಾಂಕಿನ ನೀರಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಅರ್ಧ ಗಂಟೆ ಬಿಡಿ. ಕೊನೆಗೆ ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡಿ, ಅಂಗಡಿಯ ನೀರು ಚರಂಡಿಗೆ. ಮನೆಯಲ್ಲಿ ಮೊದಲೇ ಮೀನಿದ್ದರೆ ಹೊಸದನ್ನು ಎರಡು-ಮೂರು ವಾರ ಬೇರೆ ಇಡೋದೇ ಒಳ್ಳೆಯದು. ಕೊಳ್ಳುವಾಗ ಬರೀ ಬಾಲ ನೋಡಬೇಡಿ, ಟ್ಯಾಂಕ್ ಪೂರ್ತಿ ನೋಡಿ. ಅದರಲ್ಲಿ ಒಂದು ಸತ್ತ ಮೀನು ಕಂಡರೂ ಆ ಟ್ಯಾಂಕಿನದು ಬೇಡ.

"ಫೈಟರ್, ಗೋಲ್ಡ್‌ಫಿಶ್ ಜತಿಗೆ ಬಿಡಬಹುದಾ?"

ಎರಡೂ ಬೇಡ. ಫೈಟರ್‌ಗೆ ಉದ್ದ ಬಾಲದ ಗಂಡು ಗಪ್ಪಿ ಕಂಡರೆ ಆಗಲ್ಲ, ಗೋಲ್ಡ್‌ಫಿಶ್ ದೊಡ್ಡದಾದ ಮೇಲೆ ಗಪ್ಪಿಯನ್ನೇ ನುಂಗುತ್ತದೆ. ಟೈಗರ್ ಬಾರ್ಬ್ ಬಾಲ ಕಚ್ಚುತ್ತದೆ, ಏಂಜಲ್ ಮರಿ ತಿನ್ನುತ್ತದೆ. ಪ್ಲಾಟಿ, ಮೋಲಿ, ಕೋರಿಡೋರಸ್ ಆಗಬಹುದು.

## ನೀರು, ಬಿಸಿಲು, ಊಟ

"ನಮ್ಮ ಬೋರಿನ ನೀರು ಭಾಳ ಗಡಸು. ಕೊಡದಾಗ ಬಿಳಿ ಪದರ ಕೂಡ್ತೈತಿ. ಮೀನ ಉಳೀತಾವ?"

ಬೇರೆ ಮೀನಿನ ಮಾತು ಬೇರೆ, ಗಪ್ಪಿಗೆ ಆ ನೀರು ಒಳ್ಳೆಯದೇ. ಅದಕ್ಕೆ ಗಡಸು ನೀರು, 7ರಿಂದ 8ರ ಒಳಗಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) ಬೇಕು. ನೀರು ಮೃದು ಮಾಡ್ತೀನಿ ಅಂತ ಅದೂ ಇದೂ ಹಾಕೋಕೆ ಹೋಗಬೇಡಿ.

ಆದರೆ ಒಂದು ಅಪಾಯ ಇದೆ, ಇದನ್ನು ಅಂಗಡಿಯವರು ಹೇಳಲ್ಲ. ನೀರಿನ ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಅಷ್ಟೇ ಅಮೋನಿಯಾ ಪಿಎಚ್ 7ರಲ್ಲಿ ಮಾಡುವುದಕ್ಕಿಂತ 8ರಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು ಹಾನಿ ಮಾಡುತ್ತದೆ. ನೀರು ಬಿಸಿಯಾದರೆ ಇನ್ನೂ ಜಾಸ್ತಿ. ಅಂದರೆ ಬೋರ್ ನೀರು, ಬೇಸಿಗೆ, ಕೈತುಂಬ ಊಟ, ಈ ಮೂರೂ ಸೇರಿದಾಗ ಮೀನು ಒಂದೇ ರಾತ್ರಿಯಲ್ಲಿ ಸಾಯುತ್ತವೆ. "ನೀರು ಸ್ವಚ್ಛ ಇತ್ತಲ್ಲ" ಅಂತ ಎಲ್ಲರೂ ಹೇಳುವುದು ಆಗಲೇ. ಅಮೋನಿಯಾ ಕಣ್ಣಿಗೆ ಕಾಣಲ್ಲ. ಟೆಸ್ಟ್ ಕಿಟ್ ಒಂದು ತಂದಿಟ್ಟುಕೊಳ್ಳಿ.

"ಶುದ್ಧ ಕುಡಿಯುವ ನೀರಿನ ಘಟಕದ್ದ ಕ್ಯಾನ್ ನೀರು ಹಾಕಿದ್ರ ಇನ್ನೂ ಚಲೋ ಅಲ್ವಾ?"

ನಮಗೆ ಚಲೋ, ಗಪ್ಪಿಗೆ ಅಲ್ಲ. ಆರ್‌ಓ ಯಂತ್ರ ಲವಣವನ್ನೆಲ್ಲ ತೆಗೆದುಬಿಡುತ್ತದೆ. ಬರೀ ಆ ನೀರಿನಲ್ಲಿ ಇಟ್ಟರೆ ಗಪ್ಪಿ ರೆಕ್ಕೆ ಮುಚ್ಚಿಕೊಂಡು ನಿಂತಲ್ಲೇ ನಡುಗುತ್ತದೆ. ಅದು ಕೆಲಸಕ್ಕೆ ಬರುವುದು ಬೇಸಿಗೆಯಲ್ಲಿ, ಅದೂ ಆವಿಯಾದ ನೀರು ತುಂಬಲು. ನೀರು ಆವಿಯಾದರೂ ಲವಣ ಟ್ಯಾಂಕಿನಲ್ಲೇ ಉಳಿಯುತ್ತದಲ್ವಾ? ಕಡಿಮೆಯಾದಷ್ಟನ್ನೂ ಬೋರ್ ನೀರಿನಿಂದಲೇ ತುಂಬುತ್ತಾ ಹೋದರೆ ಗಡಸು ಏರುತ್ತಲೇ ಹೋಗುತ್ತದೆ. ಅದಕ್ಕೆ ಆರ್‌ಓ ನೀರು ಅಥವಾ ಮಳೆನೀರು ಸರಿ.

"ಕಾರ್ಪೊರೇಶನ್ ನಳದ ನೀರು ನೇರ ಹಾಕಬಹುದಾ?"

ವಿಜಯಪುರಕ್ಕೆ ಕೃಷ್ಣೆಯ ನೀರು, ಬೆಳಗಾವಿಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ನೀರು, ಯಾವುದಾದರೂ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಅದು ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಾಯಿ ಅಗಲದ ಬಕೆಟ್‌ನಲ್ಲಿ ಒಂದು ದಿನ ಇಟ್ಟು ಹಾಕಿ, ಏರ್ ಪಂಪ್ ಬಿಟ್ಟರೆ ಇನ್ನೂ ಬೇಗ ಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಕೆರೆ, ನದಿಯ ನೀರು ಸಾಮಾನ್ಯವಾಗಿ ಬೋರಿನಷ್ಟು ಗಡಸು ಇರಲ್ಲ, ತೀರಾ ಮೃದು ಅನಿಸಿದರೆ ಫಿಲ್ಟರಿನೊಳಗೆ ಒಂದು ಹಿಡಿ ಕೋರಲ್ (ಹವಳದ) ಚೂರು ಇಡಿ. ಇನ್ನು ಬಾಗಲಕೋಟೆ ಕಡೆ ಸುಣ್ಣದಕಲ್ಲು ಎಲ್ಲೆಲ್ಲೂ ಇದೆ. ಟ್ಯಾಂಕಿಗೆ ತಂದ ಕಲ್ಲಿನ ಮೇಲೆ ಲಿಂಬೆರಸ ಹಾಕಿದಾಗ ನೊರೆ ಬಂದರೆ ಅದು ಸುಣ್ಣದಕಲ್ಲು. ಗಪ್ಪಿಗೆ ತೊಂದರೆ ಇಲ್ಲ.

"ಎಷ್ಟ ದಿನಕ್ಕೊಮ್ಮೆ ಟ್ಯಾಂಕ್ ಪೂರ್ತಿ ತೊಳೀಬೇಕು?"

ಪೂರ್ತಿ ಯಾವತ್ತೂ ತೊಳೆಯಬೇಡಿ. ಅಮಾವಾಸ್ಯೆಗೊಮ್ಮೆ ಮೀನು ಬಕೆಟ್‌ಗೆ ಹಾಕಿ, ಟ್ಯಾಂಕ್ ಸಾಬೂನಿನಲ್ಲಿ ತಿಕ್ಕಿ, ಜಲ್ಲಿ ಬಿಸಿಲಿಗೆ ಒಣಗಿಸುವವರಿದ್ದಾರೆ. ಕಷ್ಟಪಟ್ಟು ಬೆಳೆಸಿದ ಬ್ಯಾಕ್ಟೀರಿಯಾ ಅವತ್ತೇ ಸತ್ತುಹೋಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಪೈಪಿನಿಂದ ಅಡಿಯ ಹೊಲಸಿನ ಸಮೇತ ಎಳೆದು ತೆಗೆಯಿರಿ, ಅಷ್ಟೇ ಹದದ ಹೊಸ ನೀರು ಹಾಕಿ. ಸ್ಪಂಜನ್ನು ತೆಗೆದ ಆ ನೀರಿನಲ್ಲೇ ಹಿಂಡಿ, ನಳದ ಕೆಳಗೆ ಹಿಡಿಯಬೇಡಿ.

"ಬ್ಯಾಸಗಿ ಬಂತಂದ್ರ ಮೀನ ಮ್ಯಾಲೆ ಬಂದು ಬಾಯಿ ಬಿಡ್ತಾವ. ಐಸ್ ಹಾಕ್ಲಾ?"

ಐಸ್ ಹಾಕಬೇಡಿ. ಗಪ್ಪಿಗೆ 24ರಿಂದ 28 ಡಿಗ್ರಿ ಹಿತ, 32 ದಾಟಿದರೆ ಕಷ್ಟ. ನಮ್ಮಲ್ಲಿ ಹೊರಗೆ 40 ದಾಟಿದಾಗ ಆರ್‌ಸಿಸಿ ಮನೆಯೊಳಗಿನ ಟ್ಯಾಂಕ್ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ. ಮೇಲೆ ಬಂದು ಬಾಯಿ ಬಿಡೋದು ಆಮ್ಲಜನಕ ಸಾಲದ್ದಕ್ಕೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ಮೊದಲು ಏರ್ ಪಂಪ್ ಜೋರು ಮಾಡಿ. ಮುಚ್ಚಳ ತೆಗೆದು ಬಲೆ ಹಾಸಿ, ಸಣ್ಣ ಟೇಬಲ್ ಫ್ಯಾನನ್ನು ನೀರಿನ ಮೇಲ್ಮೈಗೆ ತಾಗುವಂತೆ ತಿರುಗಿಸಿ. ನಮ್ಮ ಕಡೆ ಬೇಸಿಗೆಯ ಗಾಳಿ ಒಣಗಾಳಿ, ನೀರು ಬೇಗ ಆವಿಯಾಗಿ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಊಟ ಅರ್ಧ ಮಾಡಿ. ಐಸ್ ಹಾಕಿದರೆ ನೀರು ಒಮ್ಮೆಲೇ ತಣ್ಣಗಾಗಿ ಮತ್ತೆ ಏರುತ್ತದೆ. ಬಿಸಿಗಿಂತ ಆ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಡಿಸೆಂಬರ್–ಜನವರಿ ರಾತ್ರಿಗಳಿಗೆ 50 ವ್ಯಾಟ್‌ನ ಹೀಟರ್ ಸಾಕು.

"ಕರೆಂಟ್ ಹೋದ್ರ ಎಷ್ಟ ತಾಸು ತಡೀತಾವ?"

ಮೀನು ಕಡಿಮೆ ಇದ್ದರೆ ನಾಲ್ಕಾರು ತಾಸು ಏನೂ ಆಗಲ್ಲ, ಟ್ಯಾಂಕ್ ಗಿಜಿಗುಡುತ್ತಿದ್ದರೆ ಎರಡು ತಾಸಿಗೇ ಮೇಲೆ ಬರುತ್ತವೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಇರಲಿ. ಇಲ್ಲದಿದ್ದರೆ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿರಿ.

"ರೊಟ್ಟಿ ಚೂರು, ಅನ್ನದ ಅಗಳು ಹಾಕ್ತೀವಿ. ತಿಂತಾವಲ್ಲ?"

ತಿನ್ನುತ್ತವೆ. ಗಪ್ಪಿ ಏನು ಹಾಕಿದರೂ ತಿನ್ನುತ್ತದೆ, ಅದೇ ತೊಂದರೆ. ಹಿಟ್ಟಿನ ಪದಾರ್ಥ ನೀರು ಕೆಡಿಸುತ್ತದೆ, ಮೀನಿಗೆ ಶಕ್ತಿಯೂ ಕೊಡಲ್ಲ. ಸಣ್ಣ ಕಾಳಿನ ಮೀನಿನ ಊಟವನ್ನು ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿ. ವಾರಕ್ಕೊಂದೆರಡು ಸಲ ಸೊಳ್ಳೆ ಮರಿ, ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ), ಬೇಯಿಸಿ ಸಿಪ್ಪೆ ಸುಲಿದ ಬಟಾಣಿ. ಕೆಂಪು, ಕಿತ್ತಳೆ ಬಣ್ಣ ಮಂಕಾಗಿದ್ದರೆ ಸ್ಪಿರುಲಿನಾ (ಪಾಚಿಯಂಥದ್ದು) ಇರುವ ಊಟ ಕೊಟ್ಟು ನೋಡಿ. ಗಪ್ಪಿಯ ಕಿತ್ತಳೆ ಬಣ್ಣಕ್ಕೆ ಬೇಕಾದ ಕೆರೋಟಿನಾಯ್ಡ್ ಅನ್ನೋ ಬಣ್ಣದ ವಸ್ತು ಬರುವುದು ತಿನ್ನುವುದರಿಂದಲೇ.

"ಒಂದ ವಾರ ಊರಿಗೆ ಹೊಂಟೀವಿ. ಬಾಜೂ ಮನಿಯವ್ರಿಗೆ ಹೇಳಿ ಹೋಗ್ಲಾ?"

ಬೇಡ. ಆರೋಗ್ಯವಾಗಿರುವ ದೊಡ್ಡ ಗಪ್ಪಿ ಐದಾರು ದಿನ ಉಪವಾಸ ಇದ್ದರೂ ಏನಾಗಲ್ಲ. ಬಾಜೂ ಮನೆಯವರು ಪಾಪ, "ಹಸಿದಾವ" ಅಂತ ಡಬ್ಬಿ ಬಗ್ಗಿಸುತ್ತಾರೆ. ಮರಿಗಳಿದ್ದರೆ ಮಾತ್ರ ಒಂದೊಂದು ದಿನದ್ದು ಒಂದೊಂದು ಚೀಟಿ ಕಟ್ಟಿಕೊಟ್ಟು, ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗಿ.

## ಮರಿಗಳ ವಿಷಯ

"ಹೆಣ್ಣಿನ ಹೊಟ್ಟಿ ದೊಡ್ಡದಾಗೇತಿ. ಮರಿ ಯಾವಾಗ ಹಾಕ್ತೈತಿ?"

ಗಪ್ಪಿ ಮೊಟ್ಟೆ ಇಡಲ್ಲ, ನೇರ ಮರಿಯನ್ನೇ ಹಾಕುತ್ತದೆ. 21ರಿಂದ 30 ದಿನಕ್ಕೊಮ್ಮೆ, ನೀರು ಬೆಚ್ಚಗಿದ್ದರೆ ಬೇಗ. ಬಾಲದ ಕಡೆ ಹೊಟ್ಟೆಯ ಹತ್ತಿರ ಒಂದು ಕಪ್ಪು ಮಚ್ಚೆ ಇರುತ್ತದೆ, ದಿನ ಹತ್ತಿರ ಬಂದಂತೆ ಅದು ಹಿಗ್ಗಿ ಕಪ್ಪಾಗುತ್ತದೆ. ಹೊಟ್ಟೆ ದುಂಡಗಿದ್ದದ್ದು ಎದೆಯ ಕಡೆ ಚೌಕಾಕಾರ ಆಗುತ್ತದೆ. ಹೆಣ್ಣು ಗುಂಪು ಬಿಟ್ಟು ಮೂಲೆ ಸೇರುತ್ತದೆ, ಊಟಕ್ಕೂ ಓಡಿ ಬರಲ್ಲ. ತಿಳಿ ಬಣ್ಣದ ತಳಿಗಳಲ್ಲಿ ಮಚ್ಚೆಯೊಳಗೆ ಮರಿಗಳ ಕಣ್ಣುಗಳು ಸಣ್ಣ ಚುಕ್ಕಿಗಳಾಗಿ ಕಾಣುತ್ತವೆ.

ಹಾಕುವುದನ್ನು ನೋಡಬೇಕಾದರೆ ದೀಪ ಮಂದ ಮಾಡಿ ಸುಮ್ನೆ ಕೂತಿರಿ. ಮರಿ ಎರಡು ಮಡಿಕೆಯಾಗಿ ಹೊರಗೆ ಬೀಳುತ್ತದೆ. ಒಂದೆರಡು ಕ್ಷಣ ಹಾಗೇ ಕೆಳಗಿಳಿಯುತ್ತದೆ, ಆಮೇಲೆ ಪಟ್ಟನೆ ಬಿಚ್ಚಿಕೊಂಡು ಗಿಡದ ಕಡೆ ಓಡುತ್ತದೆ. ಒಂದು ಸಲಕ್ಕೆ 20–40 ಸಾಮಾನ್ಯ. ಮೊದಲ ಸಲ ಕಡಿಮೆ, ದೊಡ್ಡ ಹೆಣ್ಣು ನೂರರ ಹತ್ತಿರ ಹಾಕಿದರೂ ಆಶ್ಚರ್ಯ ಇಲ್ಲ.

"ಬರೇ ಹೆಣ್ಣ ತಂದಿದ್ದೆ, ಗಂಡ ಇಲ್ಲ. ಆದ್ರೂ ತಿಂಗಳಿಗೊಮ್ಮೆ ಮರಿ ಹಾಕಾಕತ್ತೈತಿ!"

ಅಂಗಡಿಯಲ್ಲಿ ಗಂಡಿನ ಜೊತೆ ಇದ್ದದ್ದು ಸಾಕು. ಒಂದು ಸಲ ಕೂಡಿದರೆ ಹೆಣ್ಣು ವೀರ್ಯವನ್ನು ಒಳಗೇ ಹಲವು ತಿಂಗಳು ಇಟ್ಟುಕೊಂಡು, ಅದರಿಂದಲೇ ಸಾಲಾಗಿ ಮರಿ ಹಾಕಬಲ್ಲದು.

"ಮುಂಜಾನೆ ನಲವತ್ತ ಮರಿ ಇದ್ವು, ಸಂಜಿಕ್ಕ ಐದ ಉಳದಾವ. ತಾಯೇ ತಿಂತೈತೇನ್ರೀ?"

ತಾಯಿ, ತಂದೆ, ದೊಡ್ಡಪ್ಪ, ಎಲ್ಲರೂ ತಿನ್ನುತ್ತಾರೆ. ಬಾಯಿಗೆ ಹಿಡಿಯುವಂಥದ್ದು ಅವಕ್ಕೆ ಊಟ, ಅಷ್ಟೇ. ಅಂಗಡಿಯ ಪ್ಲಾಸ್ಟಿಕ್ ಬ್ರೀಡಿಂಗ್ ಬಾಕ್ಸ್ ನನಗೆ ಸರಿ ಕಾಣಲ್ಲ. ತುಂಬು ಹೊಟ್ಟೆಯ ಹೆಣ್ಣನ್ನು ಅಂಗೈ ಅಗಲದ ಡಬ್ಬಿಯಲ್ಲಿ ದಿನಗಟ್ಟಲೆ ಕೂಡಿಹಾಕಿದರೆ ಗಾಬರಿಗೆ ಮರಿ ಹಾಕುವುದನ್ನೇ ಮುಂದೂಡುತ್ತದೆ, ಇಲ್ಲಾ ದಿನ ತುಂಬದ ಮರಿ ಹಾಕುತ್ತದೆ. ಅದಕ್ಕಿಂತ ಗಿಡ ದಟ್ಟವಾಗಿರಲಿ. ಹಾರ್ನ್‌ವರ್ಟ್, ಜಾವಾ ಮಾಸ್, ಗಪ್ಪಿ ಗ್ರಾಸ್ ಮೂರೂ ಇಲ್ಲಿ ಸುಲಭವಾಗಿ ಬೆಳೆಯುತ್ತವೆ. ಕಾಲುವೆಯಿಂದ ಹೈಡ್ರಿಲ್ಲಾ ಕಿತ್ತು ತರುವವರು ಒಂದು ವಾರ ಬೇರೆ ಬಕೆಟ್‌ನಲ್ಲಿಟ್ಟು ನೋಡಿ. ಅದರಲ್ಲಿ ಬರುವ ಡ್ರ್ಯಾಗನ್‌ಫ್ಲೈ ಹುಳ ತಾಯಿಗಿಂತ ಜಾಸ್ತಿ ಮರಿ ತಿನ್ನುತ್ತದೆ. ಎಲ್ಲ ಮರಿ ಉಳಿಯಲೇಬೇಕು ಅಂದರೆ ಹೆಣ್ಣನ್ನು ಗಿಡ ತುಂಬಿದ 15–20 ಲೀಟರಿನ ಬೇರೆ ಟಬ್ಬಿಗೆ ಬಿಟ್ಟು, ಮರಿ ಹಾಕಿದ ಮೇಲೆ ಅದನ್ನು ವಾಪಸ್ ತೆಗೆಯಿರಿ.

"ಮರಿಗೆ ಏನ ಹಾಕಬೇಕು? ಆರ್ಟೀಮಿಯಾ ಮನ್ಯಾಗ ಮಾಡಾಕ ಬರ್ತೈತಾ?"

ದೊಡ್ಡವಕ್ಕೆ ಹಾಕುವ ಊಟವನ್ನೇ ಬೆರಳಲ್ಲಿ ತಿಕ್ಕಿ ಧೂಳು ಮಾಡಿ ದಿನಕ್ಕೆ ನಾಲ್ಕು ಸಲ ಹಾಕಿದರೆ ಮರಿ ಬದುಕುತ್ತವೆ. ಚೆನ್ನಾಗಿ ಬೆಳೆಯಬೇಕು ಅಂದರೆ ಆರ್ಟೀಮಿಯಾಕ್ಕೆ ಸಮ ಇಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವ ರೂಢಿಯೂ ಇದೆ. ಆದರೆ ಅದು ಒಂದು ಹನಿ ಜಾಸ್ತಿಯಾದರೂ ನೀರು ಹಾಲಾಗುತ್ತದೆ.

ಆರ್ಟೀಮಿಯಾ ಮಾಡುವುದು ಹೀಗೆ. ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿ ಮಾಡಿ ತಲೆಕೆಳಗೆ ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಹರಳುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ. ಏರ್ ಪೈಪನ್ನು ತಳದ ತನಕ ಇಳಿಸಿ ಜೋರಾಗಿ ಗಾಳಿ ಬಿಡಿ, ಪಕ್ಕದಲ್ಲಿ ಒಂದು ಬಲ್ಬ್ ಉರಿಯಲಿ. 28 ಡಿಗ್ರಿಯ ಆಸುಪಾಸು ಇದ್ದರೆ 24ರಿಂದ 36 ತಾಸಿಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕಂದು ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳ ಸೇರುತ್ತದೆ, ಬಲ್ಬ್ ಹಿಡಿದ ಕಡೆ ಕಿತ್ತಳೆ ಬಣ್ಣದ ಮೋಡ ಗುಂಪುಗೂಡುತ್ತದೆ. ಆ ಮೋಡವನ್ನಷ್ಟೇ ಪೈಪಿನಲ್ಲಿ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ಸಿಪ್ಪೆ ಬೇಡ, ಅದು ಮರಿಯ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅರ್ಧ ತಾಸಿನಲ್ಲಿ ಮರಿಗಳ ಹೊಟ್ಟೆ ಕಿತ್ತಳೆಯಾಗಿ ಉಬ್ಬಿರುವುದು ಹೊರಗಿನಿಂದಲೇ ಕಾಣುತ್ತದೆ.

"ಸಾಕಾತ್ರೀ ಮರಿ. ನಿಲ್ಲಸಾಕ ಏನ ಮಾಡ್ಲಿ?"

ಬರೀ ಗಂಡು ಸಾಕಿ. ಬಣ್ಣ ಇರುವುದೂ ಅವಕ್ಕೇ, ಮರಿಯ ಗೊಡವೆಯೂ ಇಲ್ಲ. ಇಲ್ಲಾ ಗಿಡ ಕಡಿಮೆ ಮಾಡಿ, ಮರಿಗಳನ್ನು ದೊಡ್ಡವೇ ನೋಡಿಕೊಳ್ಳುತ್ತವೆ. ಕ್ರೂರ ಅನಿಸಬಹುದು. ಆದರೆ 50 ಲೀಟರಿನಲ್ಲಿ ಇನ್ನೂರು ಮೀನು ಇಟ್ಟು ಎಲ್ಲವನ್ನೂ ಸಾಯಿಸುವುದು ಅದಕ್ಕಿಂತ ಕ್ರೂರ ಅಲ್ವಾ?

## ಕಾಯಿಲೆ

"ಮೈಮ್ಯಾಲೆ ಉಪ್ಪು ಉದುರಿಸಿದಂಗ ಬಿಳಿ ಚುಕ್ಕಿ ಬಂದಾವ."

ಇದು ಇಚ್, ಒಂದು ಪರಾವಲಂಬಿ. ಮೈಗೆ ಅಂಟಿದ್ದಾಗ ಔಷಧ ತಾಗಲ್ಲ, ಉದುರಿ ನೀರಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಒಂದೆರಡು ದಿನದಲ್ಲಿ ನಿಧಾನ ನೀರನ್ನು 30 ಡಿಗ್ರಿಗೆ ಏರಿಸಿ, ಆಗ ಅದರ ಜೀವನಚಕ್ರ ಬೇಗ ತಿರುಗುತ್ತದೆ. ಲೀಟರಿಗೆ 2 ಗ್ರಾಂನಂತೆ ಹರಳುಪ್ಪನ್ನು ಕರಗಿಸಿ ಎರಡು-ಮೂರು ಕಂತಿನಲ್ಲಿ ಹಾಕಿ, ಗಪ್ಪಿ ತಡೆದುಕೊಳ್ಳುತ್ತದೆ. ಕೆಲವು ಗಿಡ ಬಾಡಬಹುದು. ಗಾಳಿ ಜೋರಿರಲಿ. ಚುಕ್ಕಿ ಹೋಯ್ತು ಅಂತ ಅವತ್ತೇ ನಿಲ್ಲಿಸಬೇಡಿ, ಇನ್ನೊಂದು ವಾರ ಮುಂದುವರಿಸಿ.

"ಹೇಲೋ ಜಾಗದಾಗ ಕೆಂಪ ದಾರ ಜೋತ ಬಿದ್ದೈತಿ, ಮೀನ ಒಣಗೇತಿ."

ಕ್ಯಾಮಲಾನಸ್ ಹುಳ. ಉಪ್ಪಿಗೆ ಜಗ್ಗಲ್ಲ. ದನಕ್ಕೆ ಕೊಡುವ ಲೆವಮಿಸೋಲ್ ಜಂತಿನ ಔಷಧ ಕೆಲಸ ಮಾಡುತ್ತದೆ, ಲೀಟರಿಗೆ 2 ಮಿಲಿಗ್ರಾಂ, ಒಂದು ದಿನ, ದೀಪ ಆರಿಸಿ. ನಿಮ್ಮ ಕೈಗೆ ಸಿಕ್ಕ ಪುಡಿಯಲ್ಲಿ ಔಷಧ ಎಷ್ಟು ಪಾಲು ಇದೆ ಅನ್ನೋದನ್ನು ಪಶುವೈದ್ಯರಿಗೆ ತೋರಿಸಿ ಲೆಕ್ಕ ಹಾಕಿಸಿ, ಅಂದಾಜಿಗೆ ಸುರಿಯಬೇಡಿ. ಮರುದಿನ ತಳದ ಹೊಲಸು ಪೂರ್ತಿ ಎಳೆದು ಅರ್ಧ ನೀರು ಬದಲಿಸಿ. ಎರಡು-ಮೂರು ವಾರ ಬಿಟ್ಟು ಇನ್ನೊಮ್ಮೆ. ಒಂದಕ್ಕೆ ಕಂಡರೆ ಟ್ಯಾಂಕಿನಲ್ಲಿರುವ ಎಲ್ಲಕ್ಕೂ ಇದೆ ಅಂತಲೇ ತಿಳಿಯಿರಿ.

"ಬೆನ್ನ ಬಾಗೇತಿ. ಸರಿ ಆಗ್ತೈತಾ?"

ಆಗಲ್ಲ. ಹುಟ್ಟಿನಿಂದ ಇದ್ದರೆ ಅದು ತಳಿಯ ದೋಷ, ಮರಿ ಮಾಡಿಸಬೇಡಿ. ಚೆನ್ನಾಗಿದ್ದ ಮೀನು ಬರಬರುತ್ತಾ ಒಣಗಿ ಬಾಗಿದರೆ ಮೀನಿನ ಕ್ಷಯ ಇರಬಹುದು, ತಕ್ಷಣ ಬೇರೆ ಮಾಡಿ. ಆ ಜಾತಿಯ ಬ್ಯಾಕ್ಟೀರಿಯಾ ಮನುಷ್ಯರ ಕೈಗಾಯಕ್ಕೂ ಹತ್ತುತ್ತದೆ. ಕೈಯಲ್ಲಿ ಗಾಯ ಇದ್ದಾಗ ಗ್ಲೌಸ್ ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ.

## ಸ್ವಲ್ಪ ಮುಂದೆ ಹೋದವರಿಗೆ

"ಅಲ್ಬಿನೋ ರೆಡ್ ಗಂಡು, ಸಾದಾ ಹೆಣ್ಣು ಕೂಡಿಸಿದೆ. ಒಂದೂ ಕೆಂಪು ಕಣ್ಣಿನ ಮರಿ ಇಲ್ಲ. ಅಂಗಡಿಯವನು ಮೋಸ ಮಾಡಿದನಾ?"

ಮೋಸ ಇಲ್ಲ. ಅಲ್ಬಿನೋ (ಮೈಯಲ್ಲಿ ಕಪ್ಪು ಬಣ್ಣ ಇಲ್ಲದ, ಕೆಂಪು ಕಣ್ಣಿನ) ಗುಣ ಕಾಣಬೇಕಾದರೆ ಅಪ್ಪ-ಅಮ್ಮ ಇಬ್ಬರಿಂದಲೂ ಬರಬೇಕು. ಮೊದಲ ತಲೆಮಾರಿನ ಮರಿಗಳು ನೋಡಲು ಸಾದಾ, ಆದರೆ ಗುಣ ಒಳಗೆ ಹೊತ್ತಿರುತ್ತವೆ. ಅವುಗಳನ್ನೇ ತಮ್ಮ ತಮ್ಮಲ್ಲಿ ಕೂಡಿಸಿದರೆ ಸುಮಾರು ಕಾಲುಭಾಗ ಅಲ್ಬಿನೋ ಬರುತ್ತವೆ. ಮೊದಲ ತಲೆಮಾರಿನ ಆ ಸಾದಾ ಮರಿಗಳಲ್ಲೊಂದು ಹೆಣ್ಣನ್ನು ಅಲ್ಬಿನೋ ಅಪ್ಪನಿಗೇ ಕೂಡಿಸಿದರೆ ಅರ್ಧದಷ್ಟು. ಹಾವಿನ ಚರ್ಮದಂತೆ ಕಾಣುವ ಕೋಬ್ರಾ ಮಾದರಿ ಹಾಗಲ್ಲ. ಬಹಳಷ್ಟು ತಳಿಗಳಲ್ಲಿ ಅದು ಗಂಡಿಗೆ ಮಾತ್ರ ಇರುವ ವೈ ಕ್ರೋಮೋಸೋಮಿನ ಮೇಲಿದ್ದು ಅಪ್ಪನಿಂದ ನೇರ ಗಂಡುಮಕ್ಕಳಿಗೆ ಹೋಗುತ್ತದೆ.

"ತಂದಾಗ ಬಾಲ ಏನ ಛಂದ ಇತ್ತು! ಈಗ ಮರಿಗಳ ಬಾಲ ಸಣ್ಣ, ಬಣ್ಣ ಕಲಬೆರಕಿ."

ಆರಿಸದಿದ್ದರೆ ಹಾಗೇ ಆಗುತ್ತದೆ. ಗಪ್ಪಿಯ ತವರು ಟ್ರಿನಿಡಾಡ್, ವೆನೆಜುವೆಲಾ ಕಡೆ. ಅಲ್ಲಿನ ತೊರೆಗಳಲ್ಲಿ ದೊಡ್ಡ ಬೇಟೆ ಮೀನು ಇರುವ ಕಡೆ ಗಂಡು ಗಪ್ಪಿ ಮಂಕು, ಇಲ್ಲದ ಕಡೆ ಬಣ್ಣಬಣ್ಣ. ಟ್ಯಾಂಕಿನಲ್ಲಿ ಆ ಆಯ್ಕೆಯನ್ನು ನೀವೇ ಮಾಡಬೇಕು. ಮರಿಗಳಿಗೆ ಮೂರು-ನಾಲ್ಕು ವಾರ ಆದಾಗ ಹೆಣ್ಣು-ಗಂಡು ಬೇರೆ ಮಾಡಿ. ತಡ ಮಾಡಿದರೆ ಹೆಣ್ಣು ಯಾವುದೋ ಗಂಡಿನ ಜೊತೆ ಕೂಡಿರುತ್ತದೆ, ಅದರ ಲೆಕ್ಕ ತಿಂಗಳುಗಟ್ಟಲೆ ತಪ್ಪುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಬಾಲ, ಬಣ್ಣ, ಮೈಕಟ್ಟು, ಈಜುವ ಚುರುಕು ಎಲ್ಲ ನೋಡಿ ಒಂದು ಗಂಡು, ಎರಡು ಹೆಣ್ಣು ಆರಿಸಿ. ತಮ್ಮತಮ್ಮಲ್ಲೇ ಬಹಳ ತಲೆಮಾರು ಕೂಡಿಸಿದರೆ ಮರಿ ಕಡಿಮೆಯಾಗುತ್ತವೆ, ದೋಷ ಹೆಚ್ಚುತ್ತವೆ. ಅದಕ್ಕೆ ಒಂದೇ ತಳಿಯನ್ನು ಎರಡು ಟ್ಯಾಂಕಿನಲ್ಲಿ ಬೇರೆ ಬೇರೆ ಬೆಳೆಸಿ, ಆಗಾಗ ಅದಲುಬದಲು ಮಾಡಿ. ಬೇರೆ ತಳಿ ತಂದು ಬೆರೆಸಿದರೆ ಬಣ್ಣ ಕೆಡುತ್ತದೆ.

"ಹೆಚ್ಚಾದ ಮೀನ ಬಾವ್ಯಾಗ ಬಿಡಬಹುದಾ? ಸೊಳ್ಳಿ ತಿಂತಾವಂತಲ್ಲ?"

ಸೊಳ್ಳೆ ಮರಿ ತಿನ್ನುವುದು ನಿಜ, ಆರೋಗ್ಯ ಇಲಾಖೆಯವರೂ ಗಪ್ಪಿ, ಗಂಬೂಸಿಯಾ ಎರಡನ್ನೂ ಬಿಡುತ್ತಾರೆ. ನಿಮ್ಮದೇ ಸಿಮೆಂಟ್ ಟಾಕಿಯಲ್ಲಿ, ಬಳಕೆ ನೀರಿನಲ್ಲಿ ಬಿಟ್ಟುಕೊಳ್ಳಿ. ಬ್ಲೀಚಿಂಗ್ ಪುಡಿ ಮಾತ್ರ ಹಾಕಬೇಡಿ. ನಳ ಹಲವು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದೇ ಆ ಟಾಕಿಗಳಲ್ಲಿ. ಕೆರೆ, ಕಾಲುವೆ, ಬಾವಡಿ, ಹೊಳೆಗೆ ಮಾತ್ರ ಬೇಡ. ಅದು ಹೊರಗಿನ ಮೀನು, ಒಮ್ಮೆ ಸೇರಿತೆಂದರೆ ತೆಗೆಯೋಕೆ ಆಗಲ್ಲ, ಇಲ್ಲಿನ ಸಣ್ಣ ಮೀನುಗಳ ಮರಿ, ಮೊಟ್ಟೆ ತಿನ್ನುತ್ತದೆ.

"ಬೆಳಗಾವಿಗೆ ಗೆಳೆಯನಿಗೆ ಕಳಿಸ್ಬೇಕು. ಹೆಂಗ ಪ್ಯಾಕ್ ಮಾಡೋದು?"

ಹಿಂದಿನ ದಿನದಿಂದ ಊಟ ನಿಲ್ಲಿಸಿ, ಇಲ್ಲದಿದ್ದರೆ ಕವರಿನಲ್ಲೇ ಹೇತು ನೀರು ಕೆಡಿಸುತ್ತವೆ. ಕವರಿನಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಎರಡು ಕವರ್ ಒಂದರೊಳಗೊಂದು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಗಂಡು ಹೆಣ್ಣು ಬೇರೆ ಬೇರೆ, ಒಂದು ಲೀಟರ್ ನೀರಿಗೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಹೋಗುವವರ ಕೈಯಲ್ಲಿ ಕೊಡಿ. ಏಪ್ರಿಲ್, ಮೇನಲ್ಲಿ ಕಳಿಸಲೇಬೇಡಿ, ಮಳೆ ಬಿದ್ದ ಮೇಲೆ ನೋಡಿಕೊಳ್ಳಿ.